ಉಣ್ಣೆಯೊಳಗಿನ ಗೆಜ್ಜೆ

ಕುರಿಮರಿಯ ಉಣ್ಣೆಗೆ ಬಿಸಿನೀರು ಬಿದ್ದಾಗ ಏಳುವ ವಾಸನೆ ಎಲ್ಲರಿಗೂ ಸೇರುವಂಥದ್ದಲ್ಲ. ಅದರಲ್ಲಿ ಕುರಿಯ ಬೆವರು ಇರುತ್ತದೆ, ಹಟ್ಟಿಯ ಮಣ್ಣು ಇರುತ್ತದೆ, ಅದರ ಕೆಳಗೆ ಎಲ್ಲೋ ಹಾಲಿನದೊಂದು ಸಣ್ಣ ಸಿಹಿ. ಹೋದ ತಿಂಗಳು ಯಾದಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಬೋಗಾಣಿಗೆ ಹಿಡಿಯಷ್ಟು ಉಣ್ಣೆ ಹಾಕಿ ನೀರು ಹೊಯ್ದಾಗ ನಮ್ಮ ಅತ್ತೆ ಸೆರಗು ಮೂಗಿಗೆ ಹಿಡಿದುಕೊಂಡು ಒಳಗೆ ಬಂದರು. "ಏನ್ ಇಟ್ಟೀಯವಾ ಒಲಿ ಮ್ಯಾಲ? ಕುರಿ ಕುದಸಾಕತ್ತೀ ಏನು?" ಅಂದರು. ನನಗೆ ನಗು ಬಂತು. ಆದರೆ ಆ ಹೊತ್ತಿಗೆ ನಾನು ಆ ಅಡುಗೆಕೋಣೆಯಲ್ಲಿ ಇರಲೇ ಇಲ್ಲ. ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಬಿದ್ದ ನಮ್ಮ ಊರಿನ ಪಡಸಾಲೆಯಲ್ಲಿದ್ದೆ. ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನಂತೆ ನೆಲದ ಪರಸಿ ಕಲ್ಲಿನ ಮೇಲೆ ಬಿದ್ದಿತ್ತು, ಅದರ ಪಕ್ಕದಲ್ಲಿ ಕಾಲು ಚಾಚಿ ನಮ್ಮ ಆಯಿ ಕೂತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಅವಳ ಎರಡು ಅಂಗೈಗಳ ನಡುವೆ ಉಣ್ಣೆಯ ಉಂಡೆ ಹೊರಳುತ್ತಿತ್ತು.

ಉಣ್ಣೆ ತರಿಸಿದ್ದು ನನ್ನ ಮಗಳಿಗಾಗಿ. ಅವಳಿಗೆ ಈಗ ಏಳು ತಿಂಗಳು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆರಿಗೆ ರಜೆಯಲ್ಲಿದ್ದಾಗ ನಮ್ಮ ಶಾಲೆಯ ಇಂಗ್ಲಿಷ್ ಟೀಚರು ಫೋನಿಗೆ ಒಂದಿಷ್ಟು ವಿಡಿಯೋ ಕಳಿಸಿದರು. ಎಲ್ಲವೂ ಮಾಂಟೆಸರಿ ಆಟಿಕೆಗಳು, ಮನೆಯಲ್ಲೇ ಮಾಡಬಹುದಾದವು. ನಾನು ಬೂಟಿನ ಡಬ್ಬಿಗೆ ದುಂಡನೆಯ ತೂತು ಕೊರೆದು ಚೆಂಡು ಹಾಕುವ ಪೆಟ್ಟಿಗೆ ಮಾಡಿದೆ. ಹಳೆಯ ಸೀರೆಯ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಡಬ್ಬಿಯೊಳಗೆ ತುರುಕಿ, ತುದಿ ಮಾತ್ರ ಹೊರಗೆ ಬಿಟ್ಟೆ. ಬುಟ್ಟಿಯೊಂದರಲ್ಲಿ ಸವಟು, ಲಟ್ಟಣಿಗೆ, ತೆಂಗಿನ ಚಿಪ್ಪು ಇಟ್ಟು ಮಗುವಿನ ಮುಂದೆ ಸರಿಸಿದೆ. ಮಗಳು ಎಲ್ಲವನ್ನೂ ಬಿಟ್ಟು ಲಟ್ಟಣಿಗೆಗೆ ಕೈ ಚಾಚಿದಳು, ಎಡಗೈ. ಮರುದಿನವೂ ಎಡಗೈ. ಮೂರನೆಯ ದಿನ ನಾನು ಅವಳ ಆಟ ನೋಡುವುದು ಬಿಟ್ಟು ಬರೀ ಕೈ ನೋಡತೊಡಗಿದೆ. ಚುಚ್ಚುಮದ್ದಿಗೆ ಹೋದಾಗ ಸಿಸ್ಟರನ್ನು ಕೇಳಿದೆ. ಅವರು ಮಗುವಿನ ಎರಡೂ ಕೈ ಎಳೆದು, ಮಡಚಿ, "ಛಲೋ ಅದಾಳ್ರಿ ಟೀಚರ್, ಏನೂ ಆಗಿಲ್ಲ" ಅಂದರು. ತಲೆ ಒಪ್ಪಿತು, ಎದೆ ಒಪ್ಪಲಿಲ್ಲ. ಮನೆಗೆ ಬಂದು ತಮ್ಮನಿಗೆ ಫೋನು ಮಾಡಿದೆ. "ಮಲ್ಲು, ಒಂದು ಹಿಡಿ ಮರಿ ಉಣ್ಣಿ ಕೊಟ್ಟು ಕಳಸೋ. ಒಂದು ಗೆಜ್ಜಿನೂ." ಅವನು ಯಾಕೆ ಅಂತ ಕೇಳಲಿಲ್ಲ. ಎರಡನೆಯ ದಿನವೇ ಬಸ್ಸಿನವರ ಕೈಯಲ್ಲಿ ಪುಡಿಕೆ ಬಂತು.

ಮಲ್ಲು ನನಗಿಂತ ಹತ್ತು ವರ್ಷ ಚಿಕ್ಕವನು. ಅವನು ಹುಟ್ಟಿದ ಹದಿನೈದು ದಿನಕ್ಕೆ ಆಯಿ ತನ್ನ ಕಿರಿಮಗಳ ಬಾಣಂತನಕ್ಕೆಂದು ಕಕ್ಕೇರಾಕ್ಕೆ ಹೋದವಳು, ಅಲ್ಲಿ ಮಗಳಿಗೂ ಕೂಸಿಗೂ ಆರಾಮಿಲ್ಲದೆ ಏಳು ತಿಂಗಳು ಉಳಿದುಬಿಟ್ಟಳು. ಅಪ್ಪ ಕುರಿ ಹಿಂಡಿನ ಹಿಂದೆ, ಅವ್ವ ಹತ್ತಿ ಬಿಡಿಸಲು ಹೊಲಕ್ಕೆ. ಐದನೇ ಕ್ಲಾಸು ಓದುತ್ತಿದ್ದ ನಾನು ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಮತ್ತೆ ಸೂಟಿಯ ದಿನಗಳಲ್ಲೆಲ್ಲ ತಮ್ಮನ ಉಸಾಬರಿ ನೋಡಿಕೊಳ್ಳುತ್ತಿದ್ದೆ. ಅವನು ಏನು ಕೊಟ್ಟರೂ ಎಡಗೈಯಿಂದಲೇ ಹಿಡಿಯುತ್ತಿದ್ದ. ಎಡಗೈ ಅನ್ನುವುದು ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲಿದ್ದ ಹಾಗೆ. ಇರಬೇಕು, ಆದರೆ ಅದರಿಂದ ಬೀಗರನ್ನು ಒಳಗೆ ಕರೆಯಬಾರದು. ಎಡಗೈಯಿಂದ ರೊಟ್ಟಿ ಮುಟ್ಟಿದರೆ ಅಪ್ಪ ದುರುಗುಟ್ಟಿ ನೋಡುತ್ತಿದ್ದ, ಎಡಗೈಯಿಂದ ಚಹಾದ ಬಟ್ಟಲು ಕೊಟ್ಟರೆ ಬಂದವರು ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಕೂಸು ಎಡಗೈ ಮುಂದೆ ಮಾಡಿದಾಗಲೆಲ್ಲ ಮನೆಗೆ ಬಂದವರು, ಹೋದವರು, ಎಲ್ಲರೂ ಆ ಕೈಯನ್ನು ಸರಿಸಿ ಸಾಮಾನನ್ನು ಬಲಗೈಗೆ ತುರುಕುತ್ತಿದ್ದರು. "ಎಡಚ ಆಗ್ತಾನ ನೋಡವಾ, ಈಗೇ ರೂಢಿ ಮಾಡು" ಅಂತ ಅವ್ವ ನನಗೆ ಹೇಳಿಟ್ಟಿದ್ದಳು.

ನನಗೆ ಆಗಲೇ ಮಾಸ್ತರಿಕೆಯ ಹುಚ್ಚು. ಆ ಕೆಲಸವನ್ನು ನಾನು ಪಾಠ ಅಂತಲೇ ತಿಳಿದೆ. ಕೂಸನ್ನು ಮುಂದೆ ಮಲಗಿಸಿಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವ ಗಿಲಕಿ ಹಿಡಿಯುತ್ತಿದ್ದೆ. ಎಡಗೈ ಬಂದರೆ ಎರಡು ಬೆರಳಿನಿಂದ ಅದರ ಮೇಲೆ ಚಟ್ ಅಂತ ಬಡಿದು ಬಲಗೈಯಲ್ಲಿ ಇಡುತ್ತಿದ್ದೆ. ಗಿಲಕಿ ಕೆಳಗೆ ಬೀಳುತ್ತಿತ್ತು. ಮತ್ತೆ ಇಡುತ್ತಿದ್ದೆ, ಮತ್ತೆ ಬೀಳುತ್ತಿತ್ತು. "ಹಟಮಾರಿ" ಅಂತ ಬೈಯುತ್ತಿದ್ದೆ. ಬಡಿದದ್ದು ಜೋರಾಗಿ ಅಲ್ಲ, ನೊಣ ಓಡಿಸಿದ ಹಾಗೆ. ಆದರೂ ದಿನಕ್ಕೆ ಎಷ್ಟು ಸಲವೋ ಬಡಿದೆ. ಬರಬರುತ್ತ ಅವನು ಗಿಲಕಿ ತೋರಿಸಿದರೆ ಕೈಯನ್ನೇ ಮುಂದೆ ಮಾಡದೆ ನನ್ನ ಮುಖ ನೋಡತೊಡಗಿದ. ನಾನು ಅದನ್ನು ಗೆಲುವು ಅಂದುಕೊಂಡೆ. ಎಡಗೈ ಚಾಳಿ ಬಿಟ್ಟ ಅಂತ ಅವ್ವನಿಗೆ ಹೇಳಿದೆ. ಅವ್ವನೂ ಹೊಲದಿಂದ ದಣಿದು ಬಂದವಳು, "ಶಾಣ್ಯಾ ಆದ್ನಲ್ಲ" ಅಂತ ಅವನ ಕೆನ್ನೆ ಹಿಂಡಿದಳು.

ಆಯಿ ಕಕ್ಕೇರಾದಿಂದ ಬಂದ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕಂಬಳಿ ಹಾಸಿ ಮೊಮ್ಮಗನನ್ನು ಮಲಗಿಸಿಕೊಂಡು ಸುಮ್ಮನೆ ನೋಡುತ್ತ ಕೂತಳು. ನಾನು ನನ್ನ ಪಾಠದ ಪ್ರತಾಪ ತೋರಿಸಲು ಗಿಲಕಿ ತಂದೆ. ಅದು ಬಲಗೈಯಿಂದ ಎರಡು ಸಲ ಬಿತ್ತು. ಆಯಿ ಮೂರನೆಯದಕ್ಕೆ ಬಿಡಲಿಲ್ಲ. ಹುಟ್ಟಿದ ಮರಿಯ ಕಾಲು ಸೋತಿದೆಯೋ ಇಲ್ಲವೋ ಅಂತ ಗೊರಸಿನ ನಡುವೆ ಬೆರಳಿಟ್ಟು ನೋಡುವವಳು ಅವಳು. ಹಾಗೆಯೇ ಕೂಸಿನ ಎಡ ಅಂಗೈಯಲ್ಲಿ ಬೆರಳಿಟ್ಟಳು. ಅವನು ಗಪ್ಪನೆ ಹಿಡಿದ. ಬಲ ಅಂಗೈಯಲ್ಲಿಟ್ಟಳು. ಬೆರಳುಗಳು ಮಡಚಿಕೊಳ್ಳಲಿಲ್ಲ. ಆಮೇಲೆ ತನ್ನ ಸೆರಗಿನ ತುದಿಯನ್ನು ಅವನ ಮುಖದ ಮೇಲೆ ಹಾಕಿದಳು. ಎಡಗೈ ಬಂದು ಸೆರಗು ಎಳೆಯಿತು, ಅವನು ನಕ್ಕ. ಆಯಿ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಮತ್ತೆ ಸೆರಗು ಹಾಕಿದಳು. ಅವನು ತಲೆ ಆ ಕಡೆ ಈ ಕಡೆ ಹೊರಳಿಸಿದ, ಕಾಲು ಬಡಿದ, ಅಳತೊಡಗಿದ. ಬಲಗೈ ಮಾತ್ರ ಕಂಬಳಿಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದೇ ಇತ್ತು. ಆಯಿ ಸೆರಗು ತೆಗೆದು ಅವನನ್ನು ಎದೆಗೆ ಒತ್ತಿಕೊಂಡಳು.

"ಕೂಸು ಎಡಚ ಅಲ್ಲ" ಅಂದಳು. "ಬಲಗೈ ಮಲಗ್ಯಾದ."

ನನ್ನ ಕೈಯಲ್ಲಿದ್ದ ಗಿಲಕಿ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ನಡೆಯುತ್ತಿದ್ದದ್ದು ಒಂದೇ ಕೈ, ನಾನು ಬಡಿದದ್ದು ಅದನ್ನೇ.

ಮರುದಿನ ಶಹಾಪುರದ ದವಾಖಾನೆಗೆ ಹೋದೆವು. ಜೊತೆಗೆ ಪಕ್ಕದ ಮನೆಯ ರೆಹಮತಬಿ ಬಂದಳು. ಬಟ್ಟೆ ಹೊಲಿಯುವವಳು, ನಾವೆಲ್ಲ ಖಾಲಾ ಅನ್ನುತ್ತಿದ್ದೆವು. ಡಾಕ್ಟರು, ಕಂಪೌಂಡರು, ಬಸ್ಸಿನ ಕಂಡಕ್ಟರು, ಯಾರ ಹತ್ತಿರ ಬೇಕಾದರೂ ಸರಾಗ ಮಾತಾಡುವ ಧೈರ್ಯ ನಮ್ಮ ಓಣಿಯಲ್ಲಿ ಅವಳಿಗೊಬ್ಬಳಿಗೇ ಇತ್ತು. ಡಾಕ್ಟರು ಕೈ ಎತ್ತಿ ಇಳಿಸಿ ನೋಡಿ, ಹುಟ್ಟುವಾಗ ಹೆಗಲು ಸಿಕ್ಕಿಕೊಂಡು ನರ ಜಗ್ಗಿದೆ ಅಂದರು. ದಿನಾ ಹೀಗೆ ತಿರುವಬೇಕು, ಹೀಗೆ ಚಾಚಬೇಕು, ಆಟ ಆಡಿಸಿ ಆ ಕೈ ಎಬ್ಬಿಸಬೇಕು, ಎಷ್ಟು ಬರುತ್ತದೆ ಅಂತ ಈಗಲೇ ಹೇಳಲಾಗದು, ತುಸು ಮೊದಲೇ ಬರಬೇಕಿತ್ತು ಅಂದರು. ಬಸ್ಸಿನಲ್ಲಿ ಅವ್ವ ಸೆರಗು ಬಾಯಿಗೆ ತುಂಬಿಕೊಂಡು ಅತ್ತಳು. ಕುರಿ ಹಿಡಿಯುವುದು, ಉಣ್ಣೆ ಕತ್ತರಿಸುವುದು, ಎಲ್ಲ ಎರಡು ಕೈಯ ಕೆಲಸ. ಒಂದೇ ಕೈಯವನು ನಮ್ಮ ಮನೆಯಲ್ಲಿ ಹೇಗೆ ಬದುಕಿಯಾನು ಅನ್ನುವುದು ಅವಳ ಸಂಕಟ. ಖಾಲಾ ಅವಳ ಬೆನ್ನ ಮೇಲೆ ಕೈಯಿಟ್ಟು, "ಫಿಕರ್ ಮಾಡಬ್ಯಾಡ ಬೇಟಿ. ಮಲಗಿದ್ದು ಏಳ್ತದ. ನಮ್ಮ ಮನಿಯವ್ರು ಹತ್ತು ಗಂಟಿಗಿ ಏಳಂಗಿಲ್ಲೇನು?" ಅಂದಳು. ಅಳುತ್ತಲೇ ಅವ್ವ ನಕ್ಕಳು.

ಆಮೇಲೆ ನಮ್ಮ ಪಡಸಾಲೆಯಲ್ಲಿ ಶುರುವಾದದ್ದನ್ನು ಈಗಿನವರು ಏನೆಂದು ಕರೆದರೂ ಸರಿ. ಆಯಿ ಅಂಗಡಿಯಿಂದ ಒಂದು ಸಾಮಾನೂ ತರಿಸಲಿಲ್ಲ. ಆ ವರ್ಷದ ಮರಿಗಳ ಮೊದಲ ಕತ್ತರಿಯ ಉಣ್ಣೆ ತೆಗೆದಳು; ಅದು ಕೆನ್ನೆಗೆ ಒತ್ತಿಕೊಂಡರೆ ಚುಚ್ಚುವುದಿಲ್ಲ. ಮರಿಯ ಕೊರಳಿನದೊಂದು ಗೆಜ್ಜೆ ನಡುವೆ ಇಟ್ಟು, ಉಣ್ಣೆ ಸುತ್ತಿ, ಬಿಸಿನೀರು ಸೀಗೆಕಾಯಿ ಹಾಕಿ ಅಂಗೈಗಳ ನಡುವೆ ಹೊರಳಿಸಿದಳು. ಮೊದಲಿಗೆ ಹಿಂಜಿದ ಹತ್ತಿಯಂತೆ ಚೆದುರಿಹೋಗುವ ಉಣ್ಣೆ, ಹೊರಳಿಸುತ್ತ ಹೋದಂತೆ ತನ್ನನ್ನು ತಾನೇ ಹಿಡಿದುಕೊಂಡು ಬಿಗಿಯಾಗುತ್ತದೆ. ಅವಸರ ಮಾಡಿ ಒತ್ತಿದರೆ ಸೀಳು ಬೀಳುತ್ತದೆ. ನಾನು ಮಾಡಿದ್ದು ಮೂರು ಸಲ ಸೀಳಿತು. ಆಯಿಯದು ಕವಳಿ ಹಣ್ಣಿನಿಂದ ಶುರುವಾಗಿ, ಪದರದ ಮೇಲೆ ಪದರ ಸುತ್ತುತ್ತ, ಕಿತ್ತಳೆಯಷ್ಟಾಯಿತು. ಅಲ್ಲಾಡಿಸಿದರೆ ದಪ್ಪ ಕಂಬಳಿ ಹೊದ್ದು ಮಲಗಿದವರು ಗೊಣಗಿದ ಹಾಗೆ ಒಳಗಿನಿಂದ ಸಣ್ಣ ಸದ್ದು. ನಮ್ಮ ಅಜ್ಜ, ಮುತ್ಯಾ, ಸತ್ತ ಮೇಲೆ ಸುಮ್ಮನೆ ಬಿದ್ದಿದ್ದ ಕಂಬಳಿ ಮಗ್ಗದಿಂದ ನೂಲು ಸುತ್ತುವ ಕಂಡಿಕೆಗಳನ್ನು ತೆಗೆದಳು. ಹತ್ತಾರು ವರ್ಷ ಕೈಯಾಡಿ ನುಣುಪಾದ ಕಟ್ಟಿಗೆ. ಅವನ್ನು ಹಿತ್ತಾಳೆ ಚೆಂಬಿನಲ್ಲಿ ಹಾಕಿದರೆ ಟಣ್ ಅನ್ನುತ್ತಿತ್ತು. ಖಾಲಾನಿಂದ ಮೆತ್ತನೆಯ ಅರಿವೆಯ, ಕೈಗವಸಿನಂಥ ಒಂದೇ ಒಂದು ಚೀಲ ಹೊಲಿಸಿದಳು, ಕೂಸಿನ ಎಡಗೈ ಹಿಡಿಸುವಷ್ಟು. ಖಾಲಾ ದಾರ ಹರಿಯುತ್ತ, "ಜೋಡಿ ಇಲ್ಲದ ಚೀಲ ನಾ ಹುಟ್ಟಿದಾಗಿಂದ ಇದ ಮೊದಲ ನೋಡವಾ ಹೊಲದದ್ದು" ಅಂದಳು.

ದಿನಾ ಮಧ್ಯಾಹ್ನ, ಬೆಳಕಿಂಡಿಯ ಬಿಸಿಲು ಮಗ್ಗದ ಕುಣಿಯಿಂದ ಕಂಬದ ಬುಡಕ್ಕೆ ಸರಿಯುವಷ್ಟು ಹೊತ್ತು, ಆಯಿ ಆ ಚೀಲವನ್ನು ಅವನ ಎಡಗೈಗೆ ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಎಡಗೈ ಬಡಿದೆ ಅಂತ ಅಳುತ್ತಿದ್ದವಳು ನಾನು, ಈಗ ಆಯಿಯೇ ಅದನ್ನು ಕಟ್ಟಿಹಾಕುತ್ತಿದ್ದಾಳಲ್ಲ. ಕೇಳಿಯೇ ಬಿಟ್ಟೆ. ಆಯಿ ಚೀಲದ ಮೇಲಿಂದ ಆ ಪುಟ್ಟ ಮುಷ್ಟಿಗೆ ಮುದ್ದು ಕೊಟ್ಟು ಹೇಳಿದಳು, "ಬಡದು ಕೂಡ್ರಸೋದು ಬ್ಯಾರೆ, ಲಾಲಿ ಹಾಡಿ ಮಲಗಸೋದು ಬ್ಯಾರೆ. ಈ ಕೈ ಮುಂಜಾನಿಂದ ಒಂದೇ ದುಡದದ. ತುಸು ಮಲಗ್ಲಿ. ಇದು ಮಲಗಿದ್ರ ಅದಕ್ಕ ಎಚ್ಚರಾಗ್ತದ." ನಿಜಕ್ಕೂ ಆ ಕೈಗೆ ಜೋಗುಳದಂತೆ ಏನೋ ಗುನುಗುತ್ತಿದ್ದಳು.

ನನ್ನ ತಪ್ಪಿಗೆ ಆಯಿ ಒಂದು ಮಾತೂ ಬೈಯಲಿಲ್ಲ. ಬದಲಿಗೆ ಚೆಂಡು ಇಡುವ ಕೆಲಸ ನನಗೇ ಕೊಟ್ಟಳು. ಕೂಸಿನ ಬಲಗೈಯಿಂದ ಒಂದು ಗೇಣು ದೂರ ಇಡಬೇಕು, ಅಷ್ಟೇ. ಆ ಒಂದು ಗೇಣು ನೋಡುತ್ತ ಕೂರುವುದು ಎಂಥ ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಅವನು ಚೆಂಡನ್ನೇ ನೋಡುತ್ತ ಮೈ ಎಲ್ಲ ಕೆಂಪಗೆ ಮಾಡಿಕೊಳ್ಳುತ್ತಿದ್ದ. ಹೆಗಲು ಒಂದಿಷ್ಟು ಅಲುಗುತ್ತಿತ್ತು, ಕೈ ಹಿಂದೆಯೇ ಉಳಿಯುತ್ತಿತ್ತು. ಒಂದು ದಿನ ನಾನು ಸೋತು ಚೆಂಡನ್ನು ಎತ್ತಿ ಅವನ ಬಲ ಅಂಗೈಯಲ್ಲಿ ಇಡಲು ಹೋದೆ. ಆಯಿ ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಅಲ್ಲ. ಹಿಡಿದು, ಹಾಗೇ ಇಟ್ಟುಕೊಂಡಳು.

"ನೀ ಇಟ್ಟರ ನಿನ್ನ ಕೈ ಕಲೀತದ. ಅವನದು ಯಾವಾಗ ಕಲೀಬೇಕು?"

ಬಿ.ಎಡ್. ಓದುವಾಗ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇದನ್ನೇ ನಾನು ಪುಟಗಟ್ಟಲೆ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಒಳ್ಳೆಯ ಅಂಕವೂ ಬಂತು. ಆ ಓದು ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕಾಗಿ ನಾನು ಪಟ್ಟ ಪಾಡು ನನಗೆ ಗೊತ್ತು. ಆದರೆ ಉತ್ತರ ಬರೆಯುವಾಗ ಪೆನ್ನು ಹಿಡಿದ ಮಣಿಕಟ್ಟಿನಲ್ಲಿ ಆಯಿಯ ಒರಟು ಬೆರಳುಗಳ ಗುರುತು ನನಗೆ ತಿಳಿಯುತ್ತಿತ್ತು.

ದಿನ ಕಳೆದವು, ತೊಗರಿ ಕೊಯ್ಲು ಮುಗಿಯಿತು. ಒಂದು ಮಧ್ಯಾಹ್ನ ನಾನು ಕಂಬಕ್ಕೆ ಒರಗಿ ಮಗ್ಗಿ ಬರೆಯುತ್ತಿದ್ದೆ. ಚೆಂಡು ಇಟ್ಟು ಮರೆತಿದ್ದೆ. ಬೆನ್ನ ಹಿಂದೆ ಉಣ್ಣೆಯೊಳಗಿನ ಗೆಜ್ಜೆ ಗೊಣಗಿತು. ಬೆಕ್ಕು ಇರಬೇಕು ಅಂದುಕೊಂಡು ತಿರುಗಿದೆ. ಬೆಕ್ಕು ಇರಲಿಲ್ಲ. ಅವನು ಬಲಕ್ಕೆ ಹೊರಳಿದ್ದ. ಬಲಗೈ ಹೇಗೋ ತೆವಳಿ ಚೆಂಡಿನ ತನಕ ಹೋಗಿತ್ತು, ಎರಡು ಬೆರಳು ಉಣ್ಣೆಯೊಳಗೆ ಹೊಕ್ಕು ಸಿಕ್ಕಿಕೊಂಡಿದ್ದವು. ಹಿಡಿದದ್ದು ಅಂತ ಹೇಳಲು ಬರದು, ಬಿಟ್ಟಿರಲಿಲ್ಲ ಅನ್ನಬಹುದು. ನಾನು ಕೂಗಲು ಬಾಯಿ ತೆರೆದೆ. ಆಯಿ ಬೆರಳು ತುಟಿಯ ಮೇಲಿಟ್ಟಳು. "ಸುಮ್ನ ಕೂಡು. ನಾವು ನೋಡಾಕತ್ತೀವಿ ಅಂತ ಅವನಿಗಿ ಗೊತ್ತಾಗಬಾರ್ದು." ಹಾಗಾಗಿ ನಾವಿಬ್ಬರೂ ಬಾಗಿಲಾಚೆಯ ಬೇವಿನ ಗಿಡ ನೋಡುತ್ತ ಕೂತೆವು. ಹಿಂದೆ ಗೆಜ್ಜೆ ಇನ್ನೊಮ್ಮೆ ಸದ್ದು ಮಾಡಿತು, ಮತ್ತೊಮ್ಮೆ. ಆಯಿಯ ಕಣ್ಣೀರು ಮೂಗುತಿಯ ಮೇಲೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ, ಅಲುಗಾಡಿದರೆ ಅವನಿಗೆ ತಿಳಿದೀತು ಅಂತ. ಅದಕ್ಕಿಂತ ದೊಡ್ಡ ಸುಖದ ಹೊತ್ತು ಆ ಮನೆಯಲ್ಲಿ ನಾನು ಕಂಡಿಲ್ಲ.

ಕೈ ಪೂರ್ತಿ ಬರಲಿಲ್ಲ, ಅದನ್ನೂ ಹೇಳಬೇಕು. ಇವತ್ತಿಗೂ ಮಲ್ಲುವಿನ ಬಲಗೈ ಕಿವಿಯ ಮೇಲಕ್ಕೆ ಏರುವುದಿಲ್ಲ. ಹಿಡಿಯುತ್ತದೆ, ಒತ್ತುತ್ತದೆ, ಕುರಿಯ ಕೊರಳು ತಬ್ಬುತ್ತದೆ. ಬರೆಯುವುದು, ಉಣ್ಣುವುದು, ಕತ್ತರಿ ಆಡಿಸುವುದು ಎಲ್ಲ ಎಡಗೈ. ನಮ್ಮ ಕಡೆಯ ಉಣ್ಣೆ ಕತ್ತರಿ ಬಲಗೈಗೆಂದೇ ಮಾಡಿದ್ದು, ಎಡಗೈಯಲ್ಲಿ ಹಿಡಿದರೆ ಕಡಿಯುವುದಿಲ್ಲ. ಎಡಗೈ ಕಂಡರೆ ದುರುಗುಟ್ಟುತ್ತಿದ್ದ ಅಪ್ಪನೇ ಸುರಪುರದ ಕಮ್ಮಾರನ ಮುಂದೆ ಅರ್ಧ ದಿನ ಕೂತು, ಅಲಗು ತಿರುವು ಮಾಡಿದ ಕತ್ತರಿ ಬಡಿಸಿಕೊಂಡು ಬಂದ. ಅದರಿಂದ ಮಲ್ಲು ಮೊದಲ ಕುರಿಯ ಉಣ್ಣೆ ಇಳಿಸುವಾಗ ಆಯಿ ಇದ್ದಳು. ನನ್ನ ಡಿಗ್ರಿಯ ಕಾಗದ ತಂದಾಗಲೂ ಇದ್ದಳು. "ಇದ್ರಾಗ ನಿನ್ನ ಹೆಸರು ಎಲ್ಲದ?" ಅಂತ ಕೇಳಿ, ತೋರಿಸಿದ ಜಾಗದ ಮೇಲೆ ಮರಿಯ ಗೊರಸು ಮುಟ್ಟಿದ ಹಾಗೆಯೇ ಬೆರಳಿಟ್ಟು ನೋಡಿದ್ದಳು. ಮುಂದಿನ ಬೇಸಿಗೆಗೆ ತೀರಿಹೋದಳು. ಆಮೇಲೆ ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿದೆವು, ಮಗ್ಗದ ಕುಣಿಗೆ ಮೊರಂ ಮಣ್ಣು ತುಂಬಿದೆವು. ಬೆಳಕಿಂಡಿ ಇದ್ದಲ್ಲಿ ಈಗ ಫ್ಯಾನು ತಿರುಗುತ್ತದೆ. ಖಾಲಾ ಮಗನ ಮನೆಗೆ ವಡಗೇರಾಕ್ಕೆ ಹೋದಳು. ಚೆಂಡು ಎಲ್ಲಿ ಹೋಯಿತೋ. ಓಣಿಯಲ್ಲಿ ತೊಟ್ಟಿಲು ಕಟ್ಟಿದ ಮನೆಗೆಲ್ಲ ಅದನ್ನು ಆಯಿ ಕೊಡುತ್ತಿದ್ದಳು, ಯಾವುದೋ ಮನೆಯಿಂದ ತಿರುಗಿ ಬರಲಿಲ್ಲ.

ಹೋದ ತಿಂಗಳು ನನ್ನ ಬೋಗಾಣಿಯಲ್ಲಿ ನೆನೆದ ಉಣ್ಣೆಯೂ ಸೀಳಿತು, ಹಳೆಯ ಕಾಲದ ಹಾಗೆಯೇ. ಆ ಭಾನುವಾರ ಮಲ್ಲುವೇ ಬಸ್ಸು ಹತ್ತಿ ಬಂದ. ನನ್ನ ಉಂಡೆ ನೋಡಿ, "ಇದೇನಕ್ಕಾ, ನಾಯಿ ಕಡದ ಕಡಬು ಆಗ್ಯಾದಲ್ಲ" ಅಂದ. ಚಹಾ ಕುಡಿಯುವ ಮೊದಲೇ ಸೋದರಸೊಸೆಯನ್ನು ಹಾಸಿಗೆಯ ಮೇಲೆ ಮಲಗಿಸಿ, ಹೆಗಲ ಮೇಲಿನ ಟವೆಲಿನ ತುದಿಯನ್ನು ಅವಳ ಮುಖದ ಮೇಲೆ ಹಾಕಿದ. ನಾನು ಅವನಿಗೆ ಏನೂ ಹೇಳಿರಲಿಲ್ಲ; ತನ್ನ ಕೈಯ ಕಥೆಯನ್ನು ಆಯಿಯ ಬಾಯಿಂದ ಅವನು ಎಷ್ಟೋ ಸಲ ಕೇಳಿದ್ದ. ಎಡಗೈ ಬಂದು ಎಳೆಯಿತು. ಅವನು ಎಡಗೈ ಹಿಡಿದುಕೊಂಡು ಮತ್ತೆ ಹಾಕಿದ. ಬಲಗೈ ಬಂತು, ಟವೆಲು ಎಳೆಯಿತು, ಎಳೆದು ಬಾಯಿಗೆ ಹಾಕಿಕೊಂಡಿತು. ನಾನು ಬಾಗಿ ಆ ಬಲಗೈಗೆ ಮುದ್ದು ಕೊಟ್ಟೆ. ಮಲ್ಲು ನನ್ನ ಕಡೆ ನೋಡಲಿಲ್ಲ. ಬೋಗಾಣಿ ಎಳೆದುಕೊಂಡು, ಉಣ್ಣೆ ಬಿಡಿಸಿ, ಹೊಸದಾಗಿ ಗೆಜ್ಜೆ ಸುತ್ತಿ, ಬಲ ಅಂಗೈಯನ್ನು ತೊಡೆಯ ಮೇಲೆ ಅಲುಗದಂತೆ ಇಟ್ಟು ಅದರ ಮೇಲೆ ಎಡಗೈಯಿಂದ ಹೊರಳಿಸತೊಡಗಿದ. ಸಂಜೆಯ ಹೊತ್ತಿಗೆ ಚೆಂಡು ಒಣಗಲು ಕಿಟಕಿಯಲ್ಲಿತ್ತು. ಆ ರಾತ್ರಿ ಅವನು ನಮ್ಮಲ್ಲೇ ಉಳಿದ.

ಮರುದಿನ ಅದನ್ನು ಮಗಳ ಮುಂದೆ ಒಂದು ಗೇಣು ದೂರದಲ್ಲಿ ಇಟ್ಟೆ. ಅವಳು ನೋಡಿದಳು, ಮುಖ ಕೆಂಪಗೆ ಮಾಡಿಕೊಂಡಳು, ಎಡಗೈ ಚಾಚಿದಳು.

"ಎಡಚಿ ಆಗ್ತಾಳೇನಪಾ ನಿಮ್ಮ ಸೊಸಿ?" ಅಂದರು ಅತ್ತೆ.

"ಆಗ್ಲಿ ಬಿಡ್ರಿ ಯವ್ವಾ. ಆಕಿಗೂ ಒಂದು ತಿರುವು ಕತ್ತರಿ ಮಾಡಸ್ತೀನಿ" ಅಂದ ಮಲ್ಲು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿರುವಾಗಲೇ ನನ್ನ ಕೈ, ನನ್ನನ್ನು ಕೇಳದೆಯೇ, ಮುಂದೆ ಹೋಯಿತು. ಚೆಂಡನ್ನು ಎತ್ತಿ ಅವಳ ಬಲಗೈಗೆ ಕೊಡಲು. ಇಷ್ಟೆಲ್ಲ ಕಂಡವಳು, ಇಷ್ಟೆಲ್ಲ ಓದಿದವಳು, ಆದರೂ ಹೋಯಿತು. ಅರ್ಧ ದಾರಿಯಲ್ಲಿ ಯಾರೋ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಅಲ್ಲ. ಹಿಡಿದು, ಹಾಗೇ ಇಟ್ಟುಕೊಂಡರು. ತಿರುಗಿ ನೋಡಿದರೆ ಮಲ್ಲುವಿನ ಬಲಗೈ. ಬೆರಳುಗಳಲ್ಲಿ ಇನ್ನೂ ಉಣ್ಣೆಯ ವಾಸನೆಯಿತ್ತು. ಅವನು ಕಿಟಕಿಯಾಚೆ ನೋಡುತ್ತಿದ್ದ, ಆಯಿಯೂ ನಾನೂ ಒಂದು ದಿನ ಬೇವಿನ ಗಿಡ ನೋಡಿದ ಹಾಗೆ. ನಾನೂ ಆ ಕಡೆ ಮುಖ ತಿರುಗಿಸಿದೆ. ಹಿಂದೆ ಉಣ್ಣೆಯೊಳಗೆ ಗೆಜ್ಜೆ ಗೊಣಗಿತು.